ಹಾಲುತುಪ್ಪ ಯಾರ ತಲೆಗೆ?

"ಅಣ್ಣ ಸತ್ತರೇನಂತೆ ಬುದ್ಧಿ, ಅಣ್ಣನ ಕೈ ಸತ್ತಿಲ್ಲ! ಇಗೋ, ಈ ಕೈಯೇ ಅದು!" ಎಂದು ಗಾಣದ ರುದ್ರಶೆಟ್ಟಿ ಹುಲಿಕುಂಟೆಯ ಪಾಳೆಯಗಾರ ಬೊಮ್ಮನಾಯಕರ ಮುಂದೆ ಬಲಗೈ ಎತ್ತಿ ತೋರಿಸಿದ.

ಎಡಗೈಯಲ್ಲಿ ಒಂದು ಅಧಿಕಾರಪತ್ರವಿತ್ತು. ಅವನ ಅಣ್ಣ ಮರಿಶೆಟ್ಟಿ ಕಾಲು ಊದಿ ಮಂಚ ಹಿಡಿದಾಗ, ತನ್ನ ಪರವಾಗಿ ಸಂತೆಗೆ ಹೋಗಿ ಎಣ್ಣೆ ಮಾರಿ ಬರಲಿ ಎಂದು ತಮ್ಮನಿಗೆ ಬರೆಸಿಕೊಟ್ಟದ್ದು. "ನನ್ನ ತಮ್ಮ ಏನು ಮಾಡಿದರೂ ನಾನೇ ಮಾಡಿದಂತೆ" ಎಂದು ಅದರಲ್ಲಿತ್ತು. ಪಾಪ, ಒಳ್ಳೆಯವರು ಬರೆಸುವ ಪತ್ರಗಳೆಲ್ಲ ಹೀಗೇ ಧಾರಾಳವಾಗಿರುತ್ತವೆ.

ಆ ಮರಿಶೆಟ್ಟಿ ನಿನ್ನೆ ತೀರಿಕೊಂಡಿದ್ದ. ಅವನನ್ನು ಮಣ್ಣು ಮಾಡಿ ಬಂದ ಮರುಬೆಳಗ್ಗೆಯೇ ರುದ್ರಶೆಟ್ಟಿ ಆ ಪತ್ರದ ಬಲದಿಂದ ಅಣ್ಣನ ಮನೆ, ಗಾಣ, ಗಾಣದ ಎತ್ತು ಎಲ್ಲವನ್ನೂ ತನ್ನ ಹೆಸರಿಗೆ ಬರೆದುಕೊಂಡಿದ್ದ. ಅಳುವುದಕ್ಕೂ ಪುರುಸೊತ್ತಿಲ್ಲದ ಮನುಷ್ಯ!

ಮರಿಶೆಟ್ಟಿಯ ಹೆಂಡತಿ ದೇವೀರಮ್ಮ ಕೈಮುಗಿದು ನಿಂತಿದ್ದಳು. "ಮಗಳನ್ನ ಕಟ್ಟಿಕೊಂಡು ಎಲ್ಲಿಗೆ ಹೋಗ್ಲಿ ಬುದ್ಧಿ? ಆ ಗಾಣ ತಿರುಗಿದರೇನೇ ನಮ್ಮ ಒಲೆ ಉರಿಯೋದು."

"ನಾನೇನು ಕಿತ್ತುಕೊಂಡೆನಾ ಅತ್ತಿಗೆ? ಅಣ್ಣನೇ ಕೊಟ್ಟಿದ್ದಾನೆ."

"ಯಾವಾಗ ಕೊಟ್ಟರು?"

"ಇವತ್ತು ಬೆಳಗ್ಗೆ! ನಾನು ಮಾಡಿದ್ದು ಅವನೇ ಮಾಡಿದಂತೆ, ಅಲ್ಲವಾ?"

ನಾಯಕರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಬ್ಬೆಟ್ಟು ಮರಿಶೆಟ್ಟಿಯದೇ. ಅವರಿಗೆ ತಲೆ ಕೆಟ್ಟಾಗಲೆಲ್ಲ ಕಣ್ಣು ಕೆಂಚಣ್ಣನ ಕಡೆ ತಿರುಗುತ್ತಿತ್ತು. ಕೆಂಚಣ್ಣನ ಕೆಲಸ ನಾಯಕರಿಗೆ ಎಲೆಅಡಿಕೆ ಮಡಿಸಿಕೊಡುವುದು. ಸಂಬಳ ಮಾತ್ರ ಅವನ ನಾಲಿಗೆಗೆ.

"ಪತ್ರ ಸರಿಯಾಗಿದೆ ಬುದ್ಧಿ, ಶೆಟ್ಟರು ಹೇಳೋದೂ ಸರಿಯೇ," ಎಂದ ಕೆಂಚಣ್ಣ. ದೇವೀರಮ್ಮನ ಮುಖ ಇಳಿದುಹೋಯಿತು. "ಶೆಟ್ಟರೇ, ಮರಿಶೆಟ್ಟರಿಗೆ ಸಲ್ಲೋದೆಲ್ಲ ನಿಮಗೇ ಸಲ್ಲಬೇಕು ತಾನೇ?"

"ಎಲ್ಲ! ಒಂದು ತೊಟ್ಟೂ ಬಿಡೋದಿಲ್ಲ!"

"ಬೇರೆಯವರ ಪಾಲಾಗದ ಹಾಗೆ ನಾನು ನೋಡ್ಕೋತೀನಿ. ನಾಳೆ ಬೆಳಗ್ಗೆ ಚಾವಡಿಗೆ ಬನ್ನಿ. ಮನೆಯವರನ್ನೂ ಕರಕೊಂಡು ಬನ್ನಿ."

ಮರುದಿನ ಸಾವಿನ ಮೂರನೆಯ ದಿನ. ಆ ಸೀಮೆಯಲ್ಲಿ ಮೂರನೆಯ ದಿನ ನೆಂಟರಿಷ್ಟರೆಲ್ಲ ಸೇರಿ ಸಮಾಧಿಯ ಮೇಲೆ ಹಾಲುತುಪ್ಪ ಬಿಡುತ್ತಾರೆ. ಕೆಂಚಣ್ಣ ಅಷ್ಟೂ ನೆಂಟರನ್ನು ಚೊಂಬು ಸಮೇತ ಚಾವಡಿಗೇ ಕರೆಸಿದ್ದ. ರುದ್ರಶೆಟ್ಟಿಯನ್ನು ಮಣೆಯ ಮೇಲೆ ಕೂರಿಸಿ ಹೇಳಿದ: "ಮರಿಶೆಟ್ಟರಿಗೆ ಸಲ್ಲಬೇಕಾದ ಹಾಲುತುಪ್ಪ ಬಂದಿದೆ. ಅವರೇ ಇಲ್ಲಿ ಕೂತಿರುವಾಗ ಮಣ್ಣಿಗೆ ಯಾಕೆ ಸುರಿಯೋದು? ಇವರ ನೆತ್ತಿಗೇ ಬಿಡಿ!"

ರುದ್ರಶೆಟ್ಟಿ ಮಣೆಯಿಂದ ಅರ್ಧ ಎದ್ದ. ಆದರೆ ಒಂದು ಗಾಣಕ್ಕೆ ನಾಲ್ಕು ಚೊಂಬು ಹಾಲು ಯಾವ ಮಹಾ ಎಂದು ಹಲ್ಲು ಕಚ್ಚಿ ಕೂತ.

ಸೋದರಮಾವ ನೆತ್ತಿಯ ಮೇಲೆ ಹಾಲು ಬಿಟ್ಟ. ಷಡ್ಡಕ ತುಪ್ಪ ಬಿಟ್ಟ. ಒಬ್ಬ ಮುದುಕಿ, ಅಣ್ಣತಮ್ಮಂದಿರ ಸೋದರತ್ತೆ, ಚೊಂಬು ಬಗ್ಗಿಸುತ್ತಾ ರಾಗ ತೆಗೆದಳು: "ಚಿನ್ನದಂಥಾ ಮನುಷ್ಯ ಕಣಪ್ಪಾ ಮರಿಶೆಟ್ಟೀ! ನಿಂಗೆ ಯಾವುದೂ ಕಮ್ಮಿ ಇರಲಿಲ್ಲ, ಆ ನಿನ್ನ ತಮ್ಮನೊಬ್ಬ ನೆಟ್ಟಗಿರಲಿಲ್ಲ!"

ನಾಯಕರು ಶಲ್ಯ ಬಾಯಿಗೆ ಒತ್ತಿಕೊಂಡರು.

ಕೆಂಚಣ್ಣ ಗಂಟಲು ಸರಿಮಾಡಿಕೊಂಡ. "ಇನ್ನು ಬಳೆ ಒಡೆಯೋ ಶಾಸ್ತ್ರ. ಎಲ್ಲಿ, ಶೆಟ್ಟರ ಮನೆಯವರು ಮುಂದೆ ಬರಲಿ."

ರುದ್ರಶೆಟ್ಟಿಯ ಹೆಂಡತಿ ಚಿಕ್ಕತಾಯಮ್ಮ ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕಿರುಚಿದಳು: "ಯಾರ ಬಳೆ ಯಾರು ಒಡೆಯೋದು? ನನ್ನ ಗಂಡ ಗುಂಡುಕಲ್ಲಿನ ಹಾಗೆ ಕೂತವ್ರೆ! ಸತ್ತೋರು ನಮ್ಮ ಭಾವ! ಏನೂಂದ್ರೆ, ಬಾಯಿ ಬಿಟ್ಟು ಹೇಳಬಾರದಾ!"

ರುದ್ರಶೆಟ್ಟಿ ಕಣ್ಣಿನ ತುಪ್ಪ ಒರೆಸಿಕೊಳ್ಳುತ್ತ ಎದ್ದುನಿಂತ. "ಹೌದು ಬುದ್ಧಿ! ಸತ್ತೋನು ಅಣ್ಣ! ಅವನು ಬೇರೆ, ನಾನು ಬೇರೆ!"

"ಮತ್ತೆ ಈ ಕೈ?" ಎಂದ ಕೆಂಚಣ್ಣ.

"ನಂದು!"

"ಅಣ್ಣನ ಕೈ?"

"ಅಣ್ಣನ ಜೊತೆಗೇ ಮಣ್ಣಿಗೆ ಹೋಯ್ತು ಮಾರಾಯ!"

"ಹಾಗಾದರೆ ನಿನ್ನೆ ಬೆಳಗ್ಗೆ ಮನೆ, ಗಾಣ ಬರೆದುಕೊಟ್ಟ ಕೈ ಯಾರದು?"

ಶೆಟ್ಟಿ ಬಾಯಿ ತೆರೆದ. ಮಾತು ಬರಲಿಲ್ಲ, ಮೀಸೆಯಿಂದ ಹಾಲು ಬಂತು.

ನಾಯಕರು ಹೊಟ್ಟೆ ಹಿಡಿದು ನಕ್ಕು ಪತ್ರವನ್ನು ಹರಿದು ಹಾಕಿದರು. "ಮನೆ, ಗಾಣ, ಎತ್ತು ದೇವೀರಮ್ಮನಿಗೂ ಅವಳ ಮಗಳಿಗೂ ಸೇರಿದ್ದು." ಆಮೇಲೆ ಅವಳ ಕೈಯಲ್ಲಿ ಇನ್ನೂ ತುಂಬಿಯೇ ಇದ್ದ ಚೊಂಬಿನತ್ತ ನೋಡಿ ಕೇಳಿದರು, "ನೀನು ಮಾತ್ರ ಬಿಡಲೇ ಇಲ್ಲವಲ್ಲಮ್ಮ?"

"ಇದು ನಮ್ಮ ಯಜಮಾನರಿಗೆ ತಂದ ಹಾಲು ಬುದ್ಧಿ. ಬೇರೆಯವರ ತಲೆಗೆ ಸುರಿಯೋಕೆ ಮನಸ್ಸು ಬರಲಿಲ್ಲ," ಎಂದಳು ದೇವೀರಮ್ಮ. ಅವಳು ಮಗಳ ಕೈ ಹಿಡಿದು ಸಮಾಧಿಯ ದಾರಿ ಹಿಡಿದಾಗ ನೆಂಟರೂ ಹಿಂದೆ ಹೊರಟರು.

ನಾಯಕರು ತಮ್ಮ ಶಲ್ಯ ತೆಗೆದು ಕೆಂಚಣ್ಣನಿಗೆ ಹೊದಿಸಿದರು. ಆ ಶಲ್ಯದ ತುದಿಯ ಮೇಲೆ ಕಣ್ಣಿಟ್ಟು ರುದ್ರಶೆಟ್ಟಿ ಗೊಣಗಿದ: "ಮೈಯೆಲ್ಲ ತುಪ್ಪ ಮಾಡಿದಿರಿ. ಒರೆಸಿಕೊಳ್ಳೋಕೆ ಒಂದು ಬಟ್ಟೆಯಾದರೂ ಕೊಡಿ!"

"ಒರೆಸಬೇಡಿ ಶೆಟ್ಟರೇ," ಎಂದ ಕೆಂಚಣ್ಣ. "ಅಣ್ಣನ ಆಸ್ತಿಯಲ್ಲಿ ನಿಮ್ಮ ಪಾಲಿಗೆ ಬಂದದ್ದು ಅದೊಂದೇ."