ಗವಿಯಣ್ಣನ ಉದ್ದ ಹಲ್ಲು

ಕಾಡಿನ ನಡುವೆ ಒಂದು ಕೊಳ. ಅದರ ದಂಡೆಯಲ್ಲಿ ಒಂದು ಅತ್ತಿಮರ, ಮರದ ಬುಡದಲ್ಲಿ ಆನೆಯ ಬೆನ್ನಿನಂಥ ಒಂದು ಬಂಡೆ. ಮರದ ತುಂಬ ಕೋತಿಗಳು.

ಕೋತಿಗಳ ಕೆನ್ನೆಯೊಳಗೆ ಎರಡು ಕಡೆಯೂ ಒಂದೊಂದು ಚೀಲ ಇರುತ್ತದೆ, ನಿಮಗೆ ಗೊತ್ತಾ ಮಕ್ಕಳೇ? ಸಿಕ್ಕಿದ್ದನ್ನೆಲ್ಲ ಮೊದಲು ಅದರೊಳಗೆ ತುರುಕಿಕೊಂಡು, ಆಮೇಲೆ ನೆಮ್ಮದಿಯಾಗಿ ಕೂತು ತಿನ್ನುತ್ತವೆ. ಚೀಲ ಇದ್ದವರಿಗೆ ಚೀಲ ತೊಳೆಯುವ ಕೆಲಸವೂ ಇರಬೇಕಲ್ಲ? ಅದಕ್ಕೆ ಆ ಹಿಂಡಿನಲ್ಲಿ ಒಂದು ಪದ್ಧತಿ ಇತ್ತು. ಮಧ್ಯಾಹ್ನ ಹೊಟ್ಟೆ ತುಂಬಿದ ಮೇಲೆ ಎಲ್ಲರೂ ಸಾಲಾಗಿ ಕೂತು ಒಬ್ಬರ ಹೇನು ಒಬ್ಬರು ಹೆಕ್ಕುತ್ತಿದ್ದರು. ತಲೆ ಆಯಿತು, ಬೆನ್ನು ಆಯಿತು, ಕಡೆಗೆ "ಎಲ್ಲಿ, ಬಾಯಿ ತೆಗಿ" ಅನ್ನುತ್ತಿದ್ದರು. ಬೇವಿನ ಎಳೆಕಡ್ಡಿಯ ತುದಿಯನ್ನು ಜಗಿದು ಮೆತ್ತಗೆ ಮಾಡಿ, ಪಕ್ಕದವರ ಹಲ್ಲಿನ ಬುಡ, ಕೆನ್ನೆಚೀಲದ ಮೂಲೆ ಎಲ್ಲ ಚೊಕ್ಕ ಮಾಡುತ್ತಿದ್ದರು. ತನ್ನ ಬಾಯಿಯ ಒಳಗು ತನಗೆ ಕಾಣುವುದಿಲ್ಲ, ಅದಕ್ಕೆ.

ಹಿಂಡಿನ ಯಜಮಾನ ಗವಿಯಣ್ಣ. ಅವನ ಕೋರೆಹಲ್ಲುಗಳೇ ಹಿಂಡಿಗೆ ಕಾವಲು. ತಾಯಂದಿರು ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು ನೀರಿಗೆ ಇಳಿದಾಗ ಅವನು ಬಂಡೆಯ ಮೇಲೆ ನಿಂತು ಬಾಯಿ ಅಗಲಿಸುತ್ತಿದ್ದ. ಪೊದೆಯಲ್ಲಿ ಹೊಂಚು ಹಾಕುವ ಸೀಳುನಾಯಿಗಳು ಆ ಹಲ್ಲು ನೋಡಿ ಅಲ್ಲಿಂದಲೇ ಹಿಂದಕ್ಕೆ ಸರಿಯುತ್ತಿದ್ದವು.

ಆದರೆ ಯಜಮಾನಿಕೆ ಬಂದದ್ದೇ ಬಂದದ್ದು, ಗವಿಯಣ್ಣನಿಗೆ ದೊಡ್ಡಸ್ತಿಕೆಯೂ ಬಂತು. ಹಣ್ಣಿನ ಮೊದಲ ಪಾಲು ಅವನದೇ. ಎರಡೂ ಕೆನ್ನೆ ಉಬ್ಬುವಷ್ಟು ತುಂಬಿಕೊಂಡು ದಿನವಿಡೀ ಹಾಗೇ ಓಡಾಡುತ್ತಿದ್ದ, ಹಾಗೇ ಮಲಗುತ್ತಿದ್ದ. ಮಧ್ಯಾಹ್ನದ ಸಾಲಿನಲ್ಲಿ ಬೆನ್ನು ಕೊಡುತ್ತಿದ್ದ, ಬಾಯಿ ಮಾತ್ರ ಕೊಡುತ್ತಿರಲಿಲ್ಲ. ದೂರದ ವೈರಿಗೆ ದಿನವೂ ತೋರಿಸುವ ಹಲ್ಲನ್ನು ಹತ್ತಿರದ ತನ್ನವರಿಗೆ ತೋರಿಸುವುದು ಅವನಿಗೆ ಅವಮಾನ.

ಅವನ ಅಕ್ಕ ದ್ಯಾಮಕ್ಕ ಒಂದು ದಿನ ನೋಡಿದಳು. ತಮ್ಮ ಕಚ್ಚಿ ಬಿಸಾಕಿದ ಅತ್ತಿಕಾಯಿಯ ಮೇಲೆ ಕೆಂಪು ಗುರುತು. ಅವನ ಹತ್ತಿರ ಕೂತರೆ ಕೊಳೆತ ಹಣ್ಣಿನ ವಾಸನೆ. ವಸಡು ಊದಿಕೊಂಡಿರಬೇಕು, ಒಂದು ಸಲ ನೋಡುತ್ತೇನೆ ಅಂದಳು.

"ನೋವೇ ಇಲ್ಲ, ನೋಡೋದೇನು?" ಅಂದ ಗವಿಯಣ್ಣ. "ಕಂಡವರ ಮುಂದೆಲ್ಲ ಬಾಯಿ ಬಿಡೋಕೆ ನಾನೇನು ಮರಿಯಾ?"

ಹೇಳಿದ್ದೇನೋ ಹೇಳಿದ, ಒಳಗೊಳಗೇ ಅಳುಕು. ಎಲೆಗಳ ಮರೆಯಲ್ಲಿ ಕೂತು ತಾನೇ ಬೇವಿನ ಕಡ್ಡಿ ಆಡಿಸಿದ. ಬಾಯೆಲ್ಲ ರಕ್ತ. ಗಾಬರಿಯಾಗಿ ಉದ್ದಯ್ಯನ ಹತ್ತಿರ ಹೋದ.

ಉದ್ದಯ್ಯ ಆಚೆ ಗುಡ್ಡದಿಂದ ಬಂದಿದ್ದ, ಕರಿಮುಖದ, ಉದ್ದಬಾಲದ ಮುಸುವ. ಗಂಭೀರ ಮುಖ, ನಿಧಾನದ ಮಾತು. ಯಾರು ಏನು ಕೇಳಿದರೂ ಅವನ ಹತ್ತಿರ ಒಂದು ಉತ್ತರ ಸಿದ್ಧ.

"ಕಡ್ಡಿ ಹಾಕಿ ಉಜ್ಜಿದರೆ ರಕ್ತ ಬಾರದೆ ಇರುತ್ತೇನಪ್ಪ? ಕಡ್ಡಿ ಬಿಡು, ರಕ್ತ ನಿಲ್ಲುತ್ತೆ" ಅಂದ ಉದ್ದಯ್ಯ. ವಾಸನೆ ಮುಚ್ಚಲು ಘಮಘಮಿಸುವ ಮಜ್ಜಿಗೆಹುಲ್ಲು ಜಗಿಯಲು ಹೇಳಿದ. ಇಷ್ಟು ಹೇಳಿದ್ದಕ್ಕೆ ಅತ್ತಿಮರದಲ್ಲಿ ಹಣ್ಣು ಹೆಚ್ಚು ಬಿಡುವ ಕೊಂಬೆಯನ್ನೇ ಕೇಳಿ ಪಡೆದು ಅದರ ಮೇಲೆ ಕಾಲು ಇಳಿಬಿಟ್ಟು ಕೂತ.

ನನಗೆ ಇಲ್ಲಿ ಸಿಟ್ಟು ಬರುತ್ತದೆ, ಮಕ್ಕಳೇ. ಮುಸುವಗಳಿಗೆ ಕೆನ್ನೆಚೀಲವೇ ಇಲ್ಲ. ಎಲೆ ಕಿತ್ತು, ಜಗಿದು, ನುಂಗುವವನು ಅವನು. ತನಗೆ ಇಲ್ಲದ ಚೀಲದ ಬಗ್ಗೆ, ತಾನು ನೋಡಿಯೇ ಇರದ ಬಾಯಿಯ ಬಗ್ಗೆ, ಅಷ್ಟು ಧೈರ್ಯವಾಗಿ ಹೇಗೆ ಹೇಳಿದ? ವಸಡಿನ ಅಂಚಿನಲ್ಲಿ ಕೊಳೆ ಕೂತು ಊದಿಕೊಂಡಿದೆ ಅಂತಲೇ ರಕ್ತ ಬರುವುದು. ಮೆತ್ತನೆಯ ಕಡ್ಡಿ ಅದನ್ನು ತೋರಿಸಿಕೊಟ್ಟಿತು, ಅಷ್ಟೇ. ಬೆಂಕಿ ಬಿದ್ದಿದೆ ಎಂದು ಕೂಗಿದವನ ಬಾಯಿ ಮುಚ್ಚಿದರೆ ಬೆಂಕಿ ಆರುತ್ತದೆಯೇ?

ಕಡ್ಡಿ ಬಿಟ್ಟ ಮೇಲೆ ರಕ್ತ ಕಾಣುವುದು ಕಡಿಮೆಯಾಯಿತು. ರೋಗ ಕಡಿಮೆಯಾಗಲಿಲ್ಲ. ಹಲ್ಲಿನ ಬುಡದಲ್ಲಿ ಕೂತ ಕೊಳೆ ಸುಣ್ಣದ ಹಾಗೆ ಗಟ್ಟಿಯಾಯಿತು. ವಸಡು ಹಲ್ಲನ್ನು ಬಿಟ್ಟು ಮೆಲ್ಲಗೆ ಹಿಂದೆ ಸರಿಯಿತು. ಒಳಗೆ ಹಲ್ಲನ್ನು ಹಿಡಿದಿದ್ದ ಮೂಳೆ ಸವೆಯತೊಡಗಿತು. ಇಷ್ಟಾದರೂ ನೋವಿಲ್ಲ. ಈ ರೋಗದ ಕಳ್ಳತನವೇ ಅದು.

ವಸಡು ಸರಿದಂತೆಲ್ಲ ಹಲ್ಲಿನ ಬುಡ ಹೊರಗೆ ಕಾಣತೊಡಗಿತು. ಗವಿಯಣ್ಣ ಕೊಳದ ನೀರಿನಲ್ಲಿ ತನ್ನ ಮುಖ ನೋಡಿಕೊಂಡ. ಕೋರೆಹಲ್ಲು ಮೊದಲಿಗಿಂತ ಉದ್ದವಾಗಿದೆ.

"ನೋಡಿದಿರಾ, ಯಜಮಾನಿಕೆ ಬಂದ ಮೇಲೆ ಹಲ್ಲೂ ಬೆಳೀತಿದೆ" ಅಂತ ಎಲ್ಲರಿಗೂ ಹೇಳಿಕೊಂಡು ಬಂದ.

ಹಿಂಡು ಏನು ಮಾಡಿತು ಗೊತ್ತಾ? ಹೌದಣ್ಣ, ಭಾರೀ ಉದ್ದ ಆಗಿದೆಯಣ್ಣ ಅಂತ ತಲೆ ಆಡಿಸಿತು. ಅವನು ಆಚೆ ಹೋದ ಕೂಡಲೇ ಮೂಗು ಮುಚ್ಚಿಕೊಂಡು ನಕ್ಕಿತು. ಗಾಳಿ ಅವನ ಕಡೆಯಿಂದ ಬೀಸಿದರೆ ಎಲ್ಲರೂ ಸದ್ದಿಲ್ಲದೆ ಬೇರೆ ಕೊಂಬೆಗೆ ಹೋಗುತ್ತಿದ್ದರು. ದ್ಯಾಮಕ್ಕ ಒಬ್ಬಳೇ ಮತ್ತೆ ಮತ್ತೆ ಹೇಳಿದಳು. ಅವಳಿಗೆ ಹೊಟ್ಟೆಕಿಚ್ಚು ಅಂದ ಗವಿಯಣ್ಣ.

ಒಂದು ಸಂಜೆ ತಾಯಂದಿರು ನೀರಿಗೆ ಇಳಿದಿದ್ದರು. ಗವಿಯಣ್ಣ ಬಂಡೆ ಹತ್ತಿ ಬಾಯಿ ಅಗಲಿಸಿದ. ಪೊದೆಯಿಂದ ಬಂದ ಹಿರಿಯ ಸೀಳುನಾಯಿ ಎಂದಿನಂತೆ ಹಿಂದೆ ಸರಿಯಲಿಲ್ಲ. ಮೂಗು ಎತ್ತಿ ಗಾಳಿ ಮೂಸಿತು. ಇನ್ನೂ ಎರಡು ಹೆಜ್ಜೆ ಮುಂದೆ ಬಂತು.

"ಹಲ್ಲು ಉದ್ದವೇ ಇದೆ ಯಜಮಾನರೇ" ಅಂದಿತು. "ಬುಡ ಇದೆಯಾ?"

ಗವಿಯಣ್ಣ ಕೋಪದಿಂದ ಹಾರಿ ಅದರ ಹೆಗಲನ್ನು ಕಚ್ಚಿದ. ನಾಯಿ ಮೈ ಕೊಡವಿತು. ಗವಿಯಣ್ಣ ಒಂದು ಕಡೆ ಬಿದ್ದ, ಅವನ ಕೋರೆಹಲ್ಲು ಇನ್ನೊಂದು ಕಡೆ. ಮುರಿದದ್ದಲ್ಲ, ಕೆಸರಿನಿಂದ ಗೂಟ ಕಿತ್ತ ಹಾಗೆ ಬುಡಸಮೇತ ಬಂದಿತ್ತು.

ನಾಯಿಗಳೆಲ್ಲ ನೀರಿನ ಕಡೆ ನುಗ್ಗಿದವು. ಒಂದು ಮರಿಯ ಬಾಲದ ತುದಿ ನಾಯಿಯ ಬಾಯಿಗೆ ಸಿಕ್ಕಿತು. ಅಷ್ಟರಲ್ಲಿ ದ್ಯಾಮಕ್ಕ ಆ ನಾಯಿಯ ಮೂಗಿಗೆ ಹಲ್ಲು ಊರಿದಳು. ಅವಳನ್ನು ನೋಡಿ ಉಳಿದ ತಾಯಂದಿರೂ ಮರಿಗಳನ್ನು ಬೆನ್ನಿಗೆ ಹಾಕಿಕೊಂಡು, ಹಲ್ಲು ಕಿರಿದು ಒಟ್ಟಾಗಿ ಮೇಲೆ ಬಿದ್ದರು. ಅಷ್ಟೊಂದು ಗಟ್ಟಿ ಹಲ್ಲುಗಳಿಗೆ ಹೆದರಿ ನಾಯಿಗಳು ಓಡಿದವು. ಮರಿ ಉಳಿಯಿತು. ಬಾಲದ ತುದಿ ಉಳಿಯಲಿಲ್ಲ.

ಉದ್ದಯ್ಯ ಕೊಂಬೆಯ ಮೇಲಿಂದಲೇ ಎಲ್ಲ ನೋಡಿದ. ಹಲ್ಲಿಗೆ ವಯಸ್ಸಾಗಿತ್ತು, ಬೀಳಲೇಬೇಕಿತ್ತು ಅಂತ ಬೇರೆ ಹೇಳಿದ. ದ್ಯಾಮಕ್ಕ ಕೊಂಬೆ ಹಿಡಿದು ಅಲುಗಾಡಿಸಿದ ರಭಸಕ್ಕೆ ಅವನು ಹಾರಿ ಗುಡ್ಡದ ದಾರಿ ಹಿಡಿದ.

ಆಮೇಲೆ ಅವಳು ಹಿಂಡಿನ ಕಡೆ ತಿರುಗಿದಳು.

"ಈ ವಾಸನೆ ಯಾರಿಗೆ ಗೊತ್ತಿರಲಿಲ್ಲ, ಹೇಳಿ" ಅಂದಳು. "ಮೂಗು ಮುಚ್ಚಿಕೊಂಡು ನಗೋಕೆ ಬರುತ್ತೆ. ಎದುರಿಗೆ ನಿಂತು, ಅಣ್ಣಾ ನಿನ್ನ ವಸಡು ಕೊಳೀತಿದೆ ಅನ್ನೋಕೆ ಬರಲ್ಲ. ಅವನ ಹಲ್ಲನ್ನೇ ನಂಬಿ ನೀರು ಕುಡಿದವರು ನೀವು. ನಿಮ್ಮ ಮರ್ಯಾದೆಗೆ ಈ ಮರಿ ಬಾಲ ಕೊಡಬೇಕಾಯ್ತು."

ಒಬ್ಬ ಮುದಿಕೋತಿ, ಯಜಮಾನನಿಗೆ ಹೇಳುವುದು ಹೇಗೆ ಅಂತ ಗೊಣಗಿದ.

"ಬಾಯಿಂದ" ಅಂದಳು ದ್ಯಾಮಕ್ಕ.

ಮರುದಿನದಿಂದ ಅವಳು ತಮ್ಮನನ್ನು ಎದುರಿಗೆ ಕೂರಿಸಿಕೊಂಡಳು. ಹಲ್ಲಿನ ಬುಡಕ್ಕೆ ಕಚ್ಚಿಕೊಂಡಿದ್ದ ಗಟ್ಟಿ ಕೊಳೆಯನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿದಳು. (ನಿಮ್ಮ ಹಲ್ಲಿಗೆ ಹಾಗೆ ಕಟ್ಟಿಕೊಂಡರೆ ನೀವು ಪಿನ್ನು, ಉಗುರು ಹಾಕಬೇಡಿ. ಅದು ಹಲ್ಲಿನ ಡಾಕ್ಟರ ಕೆಲಸ.) ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ ಮೆತ್ತನೆಯ ಕಡ್ಡಿಯಿಂದ ವಸಡಿನ ಅಂಚನ್ನು ಹಗುರವಾಗಿ ಉಜ್ಜಿಸಿದಳು. ಹಲ್ಲಿನ ಸಂದುಗಳಿಗೆ ತೆಳ್ಳನೆಯ ನಾರು. ಕೆನ್ನೆಚೀಲ ಖಾಲಿ ಮಾಡದೆ ನಿದ್ದೆ ಇಲ್ಲ. ಮೊದಲು ರಕ್ತ ಬಂತು. ಗವಿಯಣ್ಣ ಕಡ್ಡಿ ಎಸೆಯಲು ಹೋದ. ಅವಳು ಬಿಡಲಿಲ್ಲ. ಬರುಬರುತ್ತಾ ರಕ್ತ ಕಡಿಮೆಯಾಯಿತು, ಊತ ಇಳಿಯಿತು, ಕೆಂಪಗಿದ್ದ ವಸಡು ತಿಳಿಗುಲಾಬಿಯಾಯಿತು.

ಈಗ ಬಂಡೆಯ ಮೇಲೆ ತಾಯಂದಿರು ಸರದಿಯಂತೆ ನಿಲ್ಲುತ್ತಾರೆ. ಗವಿಯಣ್ಣ ಕೆಳಗೆ ಕೂತು ನೋಡುತ್ತಾನೆ. ಒಂದು ದಿನ ಮಧ್ಯಾಹ್ನದ ಸಾಲಿನಲ್ಲಿ ಅಕ್ಕನಿಗೆ ಬಾಯಿ ಕೊಟ್ಟು ಕೂತವನು ಮೆಲ್ಲಗೆ ಕೇಳಿದ.

"ಅಕ್ಕಾ, ಬಿದ್ದ ಹಲ್ಲು ಮತ್ತೆ ಬರುತ್ತಾ?"

"ಬರಲ್ಲ."

"ಸವೆದ ಮೂಳೆ?"

"ಅದೂ ಬರಲ್ಲ."

ಅವನು ಉಳಿದ ಕೋರೆಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ. "ಅಲ್ಲಾಡ್ತಿರೋ ಇನ್ನೊಂದು?"

"ಉಳಿಸಬಹುದೇನೋ, ನೋಡೋಣ. ಬಾಯಿ ಮುಚ್ಚಬೇಡ, ಒಳಗೆ ನನ್ನ ಕೈ ಇದೆ."

ಗವಿಯಣ್ಣ ಎಲ್ಲರೆದುರಿಗೆ ಬಾಯಿ ಇನ್ನಷ್ಟು ಅಗಲ ಮಾಡಿದ. ಈ ಸಲ ಯಾರೂ ನಗಲಿಲ್ಲ.

ನೀತಿ: ನೋವಿಲ್ಲ ಎಂದು ವಸಡಿನ ರಕ್ತವನ್ನು ಮುಚ್ಚಿಟ್ಟವನು ಹಲ್ಲು ಕಳೆದುಕೊಳ್ಳುತ್ತಾನೆ, ಕಂಡೂ ಹೇಳದೆ ನಕ್ಕವರು ಆ ತಪ್ಪಿನಲ್ಲಿ ಪಾಲುದಾರರು.