ಹೊಸ ಭಟ್ಟಿಯ ಮೊದಲ ಬನ್ನು

"ಅಯ್ಯನವರೇ, ಹೊಸದಾಗಿ ಕಸುಬು ಹಿಡಿದವರು ದೇವರಿಗೆ ಯಾವ ಪಾಲು ಕೊಡಬೇಕು?" ಎಂದು ಕೃಪಾವತಿ ಕೇಳಿದಳು.

ಕೇಳುತ್ತಲೇ ಪೇರಲ ಹಣ್ಣಿನ ಜಾಮಿನ ಬಾಟಲಿಯೊಂದನ್ನು ಮುಂದಿಟ್ಟಳು. ಶನಿವಾರ ಅವಳ ಅಂಗಡಿಯಲ್ಲಿ ಪ್ರಾರಂಭದ ಪ್ರಾರ್ಥನೆ. ಒಲೆಯಿಂದ ಇಳಿಸಿದ ಮೊದಲ ಜಾಮು ದೇವರದು ಎಂದು ಚರ್ಚಿನ ಸಭೆಯ ಮುಂದೆ ಎದ್ದು ನಿಂತು ಹೇಳಿದ್ದಳು. ಈ ಬಾಟಲಿಯಲ್ಲಿದ್ದದ್ದು ನಾಲ್ಕನೆಯ ಸಲ ಕಾಯಿಸಿದ್ದು. ಮೊದಲನೆಯದು ಗಟ್ಟಿಯಾಗದೆ, ಅವಳ ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ಸಮೇತ ಮುಚ್ಚಿಟ್ಟಲ್ಲೇ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಯ್ಯನವರು ಸಭೆಯ ಹಿರಿಯ ಉಪದೇಶಿ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕೆಳಗಿಟ್ಟು ಕತೆ ಶುರು ಮಾಡಿದರು.

ಬೆಟಗೇರಿಯಲ್ಲಿ ಒಬ್ಬ ಬೇಕರಿಯವನಿದ್ದ. ಬೆಟಗೇರಿ ಬೇಡವೆಂದರೆ ರಾಣೆಬೆನ್ನೂರು ಎಂದಿಟ್ಟುಕೋ, ಬನ್ನಿಗೆ ಅದರಿಂದೇನೂ ಆಗುವುದಿಲ್ಲ. ಬಹಳ ವರ್ಷ ಇನ್ನೊಬ್ಬರ ಬೇಕರಿಯಲ್ಲಿ ಹಿಟ್ಟು ನಾದಿದವನು, ಕೊನೆಗೆ ತನ್ನದೇ ಭಟ್ಟಿ ಕಟ್ಟಿಸಿದ. ಅದರ ಮೊದಲ ಬನ್ನುಗಳನ್ನು ಸುಗ್ಗಿ ಹಬ್ಬದ ದಿನ ದೇವರಿಗೆ ಪ್ರಥಮಫಲವಾಗಿ ಕೊಡುತ್ತೇನೆಂದು ಹರಕೆ ಹೊತ್ತ. ಆ ಹಬ್ಬ ನಿನಗೆ ಗೊತ್ತೇ ಇದೆ. ಜನ ತಂದ ಜೋಳ, ಕುಂಬಳಕಾಯಿ, ಕೋಳಿ ಎಲ್ಲವನ್ನೂ ಪೀಠದ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಹರಾಜಿನಲ್ಲಿ ಕೊಂಡವರು ಬನ್ನನ್ನು ಅಲ್ಲೇ ತಿಂದು ನೋಡುತ್ತಾರೆ. ಅವನ ಬೇಕರಿಯ ಹೆಸರು ಉಳಿಯುವುದೂ ಅಳಿಯುವುದೂ ಅಲ್ಲೇ.

ಹೊಸ ಭಟ್ಟಿಯ ಗೋಡೆಯಲ್ಲಿ ಹಸಿ ಇರುತ್ತದೆ, ಮೊದಲ ಸಲ ಹಾಕಿದ್ದು ಕೆಡುತ್ತದೆ. ಇದು ಬೇಕರಿಯವರಿಗೆಲ್ಲ ಗೊತ್ತು, ಅವನಿಗೂ ಗೊತ್ತಿತ್ತು. ಆದರೆ ದೇವರ ಕೆಲಸವೆಂದರೆ ಭಟ್ಟಿಯೂ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ ಎಂದು ನಂಬಿದ್ದ. ಭಟ್ಟಿ ನಡೆದುಕೊಳ್ಳಲಿಲ್ಲ. ಬನ್ನುಗಳು ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು.

ಹೆಂಡತಿ ಒಂದನ್ನು ಕೈಯಲ್ಲಿ ತೂಗಿ ನೋಡಿದಳು. "ಇವನ್ನು ಹರಾಜಿಗಿಟ್ಟರೆ ಮನೆ ಕಟ್ಟಿಸುವವರು ಕೊಂಡಾರು, ನೋಡ್ರಿ" ಎಂದಳು.

ಅವನು ಎರಡನೆಯ ಸಲ ಹಾಕಿದ, ಮೂರನೆಯ ಸಲ ಹಾಕಿದ. ಮೂರನೆಯದು ಚಿನ್ನದ ಬಣ್ಣಕ್ಕೆ ಬಂತು. ಅದನ್ನೇ ಬಿಳಿ ಬಟ್ಟೆ ಹಾಸಿದ ಬುಟ್ಟಿಗೆ ತುಂಬಿದ. ಸೀದವನ್ನು ಹಿತ್ತಿಲ ಬಾಗಿಲಿನ ಆಚೆ ಸುರಿಯಲು ಹೋದಾಗ ಅಲ್ಲಿ ಚಿಂದಿ ಆಯುವ ಮುದುಕಿಯೊಬ್ಬಳು ನಿಂತಿದ್ದಳು.

"ಏನಪ್ಪಾ ಅದು?"

"ಹೊಸ ಭಟ್ಟಿಯ ಮೊದಲನೆಯ ಬನ್ನು. ಸೀದುಹೋಗಿವೆ. ಯಾವುದಾದರೂ ದನಕ್ಕೆ ಹಾಕು ಅಜ್ಜಿ."

ಮುದುಕಿ ಸೆರಗು ಒಡ್ಡಿದಳು. "ಇಷ್ಟು ವಯಸ್ಸಾಯಿತು, ನನಗೆ ಯಾರೂ ಯಾವುದರ ಮೊದಲನೆಯದನ್ನೂ ಕೊಟ್ಟಿರಲಿಲ್ಲ" ಎಂದಳು. ಒಂದನ್ನು ಕಣ್ಣಿಗೊತ್ತಿಕೊಂಡು, ಉಗುರಿನಿಂದ ಕಪ್ಪು ಕೆರೆದು, ನಿಂತಲ್ಲೇ ತಿಂದಳು. ದನಕ್ಕೆ ಏನೂ ಸಿಗಲಿಲ್ಲ.

ಹಬ್ಬದ ದಿನ ಸಭಾಪಾಲಕರು ಬುಟ್ಟಿಯನ್ನು ಎತ್ತಿ ಹಿಡಿದು, ಈ ಪ್ರಥಮಫಲವನ್ನು ಸ್ವೀಕರಿಸು ಸ್ವಾಮೀ ಎಂದು ಪ್ರಾರ್ಥಿಸಿದರು. ಸಭೆಯೆಲ್ಲ ಆಮೆನ್ ಎಂದಿತು. ಬೇಕರಿಯವನು ಮೆಲ್ಲಗೆ ಕೊನೆಯ ಬೆಂಚಿಗೆ ಸರಿದ. ಹರಾಜಿನಲ್ಲಿ ಬನ್ನು ತಿಂದವರು ಹೂವಿನ ಹಾಗಿದೆ ಎಂದರು. ಬೇಕರಿ ಚೆನ್ನಾಗಿ ನಡೆಯಿತು. ಅವನು ಮಾತ್ರ ಪ್ರತಿ ಸುಗ್ಗಿ ಹಬ್ಬಕ್ಕೂ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ. ಹನ್ನೆರಡು ವರ್ಷ ಹಾಗೆ ಕೂತ. ಹದಿನಾಲ್ಕು ಎಂದು ಹೇಳುವವರೂ ಇದ್ದಾರೆ, ಅದೂ ನಾನೇ. ಕೊನೆಗೆ ತಡೆಯಲಾರದೆ ಸಭಾಪಾಲಕರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ.

ಅವರು ಕೇಳಿದ್ದು ಒಂದೇ: "ಆ ಮುದುಕಿ ತಿಂದಳೇ?"

"ತಿಂದಳು."

"ಹಾಗಾದರೆ ಮೊದಲನೆಯದು ಅವತ್ತೇ ದೇವರಿಗೆ ಮುಟ್ಟಿದೆ. ನಿನ್ನ ಹತ್ತಿರ ಉಳಿದದ್ದು ಸುಳ್ಳೊಂದೇ. ಅದನ್ನು ಇವತ್ತು ಇಲ್ಲಿ ಬಿಟ್ಟು ಹೋಗು."

ಅಯ್ಯನವರು ಕತೆ ನಿಲ್ಲಿಸಿದರು. ಕೃಪಾವತಿ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಕೂತಳು. ಆಮೇಲೆ ನಕ್ಕಳು.

"ಕಳೆದ ವರ್ಷ ಇದೇ ಕತೆ ಹೇಳುವಾಗ ಅವನು ಕುಂಬಾರನಾಗಿದ್ದ, ಅಯ್ಯನವರೇ."

"ಕಸುಬು ಬದಲಾಯಿಸಿಕೊಂಡಿದ್ದಾನೆ" ಎಂದರು ಅಯ್ಯನವರು. ಬಾಟಲಿಯನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿ, ಅವಳ ನಗು ಅಲ್ಲಿಗೇ ನಿಲ್ಲುವಂತೆ ಕೇಳಿದರು:

"ಇಷ್ಟು ಚೆನ್ನಾಗಿ ಗಟ್ಟಿಯಾದ ಜಾಮು ಮೊದಲ ಸಲದ್ದಲ್ಲ. ನಿನ್ನ ಮೊದಲ ಪಾತ್ರೆ ಯಾವ ಮೂಲೆಯಲ್ಲಿ ಯಾರಿಗಾಗಿ ಕಾಯುತ್ತಿದೆ, ಮಗಳೇ?"