ಉಪ್ಪಿನ ಜಾಗದ ಪಿನ್ನು

“ಗುರುಗಳೇ, ಎಲ್ಲವನ್ನೂ ಮುಗಿಸಿದ ಮೇಲೆ ಒಂದೇ ಒಂದು ಉಳಿದುಬಿಟ್ಟರೆ, ಅದನ್ನು ಹಾಗೇ ಬಿಡಬಹುದೇ?”

ಕೇಳಿದವನು ಶ್ರೀಪಾದ. ಆಶ್ರಮ ಸೇರಿ ಹನ್ನೆರಡು ವರ್ಷವಾಗಿತ್ತು. ಬರುವ ಗುರುವಾರ ಅವನಿಗೆ ಸನ್ಯಾಸ ದೀಕ್ಷೆ. ದೀಕ್ಷೆಗೆ ಮೊದಲು ಊರಿಗೆ ಹೋಗಿ, ಮನಸ್ತಾಪವಿದ್ದವರನ್ನೆಲ್ಲ ಕಂಡು, ಕ್ಷಮೆ ಕೇಳಿ ಬರಬೇಕೆಂಬುದು ಅಲ್ಲಿಯ ಪದ್ಧತಿ. ಶ್ರೀಪಾದ ಹೋಗಿ ಬಂದಿದ್ದ. ಅಪ್ಪನ ಕಾಲು ಹಿಡಿದಿದ್ದ. ಬೇಲಿಯ ವಿಷಯಕ್ಕೆ ಜಗಳವಾಡಿದ್ದ ನೆರೆಯವನ ಜಗುಲಿಯಲ್ಲಿ ಕೂತು ಕಾಫಿ ಕುಡಿದಿದ್ದ. ಹಳೆಯ ಗೆಳೆಯನನ್ನು ತಬ್ಬಿಕೊಂಡು ಅತ್ತಿದ್ದ. ಅಕ್ಕನ ಮನೆಗೆ ಮಾತ್ರ ಹೋಗಿರಲಿಲ್ಲ. ಬೀದಿಯ ತಿರುವಿನವರೆಗೆ ನಡೆದು ಹಿಂದಿರುಗಿದ್ದ. ಅವಳೊಡನೆ ಮಾತು ಮುರಿದುಕೊಂಡ ಬೆಳಿಗ್ಗೆಯೇ ಅವನು ಮನೆ ಬಿಟ್ಟದ್ದು.

“ಉಳಿದದ್ದು ಎಷ್ಟು ದೊಡ್ಡದಪ್ಪಾ?” ಎಂದರು ಗುರುಗಳು.

“ಸಣ್ಣದು. ಬೇರೆ ಎಲ್ಲವೂ ಸರಿಯಾಗಿ ಕೂತಿದೆ.”

“ಕೂತಿದೆಯೋ! ಸಂತೋಷ. ಹಾಗಾದರೆ ಒಬ್ಬ ಅಡುಗೆಯವನ ಕಾರಿನ ಕತೆ ಹೇಳುತ್ತೇನೆ. ನಗು ಬಂದರೆ ನಗು, ನಡುವೆ ಮಾತ್ರ ಬಾಯಿ ಹಾಕಬೇಡ.”

ಒಬ್ಬ ಅಡುಗೆಯವನಿದ್ದ. ಮದುವೆ ಮುಂಜಿಗಳಿಗೆ ಸಾವಿರ ಎಲೆಯ ಅಡುಗೆ ಮಾಡುವ ಕೈ. ಅವನ ಬಳಿ ಒಂದು ಹಳೆಯ ಬಿಳಿ ಕಾರಿತ್ತು. ಬಿಳಿ ಎಂದು ಅವನು ಹೇಳುತ್ತಿದ್ದ, ನಾವು ನಂಬಬೇಕು. ಮೂವತ್ತು ವರ್ಷ ಅದರಲ್ಲಿ ಸೌಟು, ಕಡಾಯಿ, ಹಂಡೆಗಳು ತಿರುಗಾಡಿದವು. ಮುಂದಿನ ಎಡಗಡೆಯ ಸೀಟು ಪಾಯಸದ ಪಾತ್ರೆಗೆ ಮೀಸಲು. ಅವನ ಹೆಂಡತಿ ಒಂದು ದಿನವೂ ಅಲ್ಲಿ ಕೂತವಳಲ್ಲ. ಅವಳಿಗೆ ಒಂದೇ ಆಸೆ, ಸಮುದ್ರ ನೋಡಬೇಕು. ಘಟ್ಟ ಇಳಿದರೆ ಸಮುದ್ರ. ಮದುವೆ ಸೀಸನ್ ಮುಗಿಯಲಿ ಎನ್ನುತ್ತಲೇ ಮೂವತ್ತು ಸೀಸನ್ ಮುಗಿದಿದ್ದವು.

ಆ ವರ್ಷ ಅವನೇ ಹೇಳಿದ, “ನಾಳೆ ಹೊರಡೋಣ ಕಣೇ.” ಅವಳು ಟ್ರಂಕಿನಿಂದ ನೀಲಿ ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ಆದರೆ ಕಾರಿನ ಎಡಗಡೆಯ ಮುಂದಿನ ಬ್ರೇಕು ಹಿಡಿಯುತ್ತಿರಲಿಲ್ಲ. ಮೆಕ್ಯಾನಿಕ್ ಊರಿನಲ್ಲಿರಲಿಲ್ಲ. ಸಾವಿರ ಜನಕ್ಕೆ ಬಡಿಸಿದವನಿಗೆ ಒಂದು ಚಕ್ರ ಯಾವ ಮಹಾ ಎಂದುಕೊಂಡ ಅಡುಗೆಯವ, ಬೆಳಿಗ್ಗೆಯೇ ಅಂಗಳದಲ್ಲಿ ಜಾಕಿ ಕೊಟ್ಟು ಕೂತ. ಬಿಚ್ಚುವುದೇನೋ ಸುಲಭ. ಬಿಚ್ಚಿದ ಚೂರುಪಾರುಗಳನ್ನು ಇಡುವುದೆಲ್ಲಿ? ನೆಲದಲ್ಲಿಟ್ಟರೆ ಕಳೆದುಹೋಗುತ್ತವೆ, ಡಬ್ಬದಲ್ಲಿ ಹಾಕಿದರೆ ಬೆರೆತುಹೋಗುತ್ತವೆ. ಅವನಿಗೆ ತನ್ನದೇ ಉಪಾಯ ಹೊಳೆಯಿತು. ಒಂದು ಬಾಳೆಎಲೆ ತಂದು, ತುದಿ ಎಡಕ್ಕೆ ಬರುವಂತೆ ಹಾಸಿ, ಬಡಿಸುವ ಕ್ರಮದಲ್ಲೇ ಇಡುತ್ತ ಹೋದ.

ಚಕ್ರದ ನಡುವಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟ. ಅದರ ಹಿಂದೆ ಮೊದಲು ಕೈಗೆ ಬಂದದ್ದು ಒಂದು ಸಣ್ಣ ಪಿನ್ನು, ಹೇರ್‌ಪಿನ್ನಿನಷ್ಟು. ಎಲೆಗೆ ಮೊದಲು ಬೀಳುವುದು ಉಪ್ಪಲ್ಲವೇ? ಅದನ್ನು ಉಪ್ಪಿನ ಜಾಗದಲ್ಲಿಟ್ಟ. ಆಮೇಲೆ ಬಂದ ದೊಡ್ಡ ನಟ್ಟು ಉಪ್ಪಿನಕಾಯಿಯ ಜಾಗಕ್ಕೆ. ವಾಷರು ಚಟ್ನಿಯ ಜಾಗಕ್ಕೆ. ಬೇರಿಂಗು ಕೋಸಂಬರಿ. ಸ್ಪ್ರಿಂಗುಗಳು ಪಲ್ಯ. ಸವೆದ ಬ್ರೇಕಿನ ಪಟ್ಟಿಗಳಿದ್ದವಲ್ಲ, ಅವು ಹೋಳಿಗೆ. ಗ್ರೀಸು ತುಪ್ಪದ ಹಾಗೆ ಎಲ್ಲದರ ಮೇಲೂ ಹೊಳೆಯುತ್ತಿತ್ತು. ಅವನ ಹೆಂಡತಿ ಬಂದು ನೋಡಿ, “ಅಯ್ಯೋ, ಯಾರಿಗ್ರೀ ಈ ಊಟ?” ಎಂದು ನಕ್ಕಳು.

ಹೊಸ ಪಟ್ಟಿ ಕೂರಿಸಿದ. ಸ್ಪ್ರಿಂಗು ಎಳೆದು ಸಿಕ್ಕಿಸಿದ. ಒಂದೊಂದೇ ಎಲೆಯಿಂದ ಎತ್ತಿ ಅದರದರ ಜಾಗಕ್ಕೆ ಸೇರಿಸಿದ. ನಟ್ಟನ್ನು ತಿರುಗಿಸಿ ಬಿಗಿದ. ಎಲೆ ನೋಡಿದ. ತುದಿಯಲ್ಲಿ ಆ ಪಿನ್ನೊಂದು ಉಳಿದಿತ್ತು.

ಇಲ್ಲೇ ನೋಡು ಅಡುಗೆಯವನ ಬುದ್ಧಿ ಕೈಕೊಟ್ಟದ್ದು. ಮೂವತ್ತು ವರ್ಷದಲ್ಲಿ ಅವನು ನೋಡಿದ ಎಲೆಗಳೆಷ್ಟು! ಎಂಥ ಊಟಗಾರ ಕೂತೆದ್ದ ಎಲೆಯಲ್ಲೂ ಚಿಟಿಕೆ ಉಪ್ಪು ಉಳಿದೇ ಇರುತ್ತದೆ. ಅದನ್ನು ಉಳಿಯಿತು ಎಂದು ಯಾರೂ ಹೇಳುವುದಿಲ್ಲ. ಉಪ್ಪೊಂದೇ ಉಳಿದರೆ ಊಟ ಚೆನ್ನಾಗಿತ್ತು ಎಂದು ಅರ್ಥ. ಅವನ ಕೈ ತನ್ನಷ್ಟಕ್ಕೆ ಎಲೆಯನ್ನು ಮಡಚಿತು. ಮುಚ್ಚಳ ಬಡಿದು ಕೂರಿಸಿ, ಕಾರನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿದ. ಬ್ರೇಕು ಗಕ್ಕನೆ ಹಿಡಿಯಿತು. ಖುಷಿಯಾಗಿ ಎಲೆಯನ್ನು ಬೇಲಿಯಾಚೆ ಎಸೆದು, ಕೈ ತೊಳೆದು, ಊಟ ಮಾಡಿ, ಜಗುಲಿಯಲ್ಲಿ ಮಲಗಿದ.

ಮಧ್ಯಾಹ್ನದ ನಿದ್ದೆ. ಹಗ್ಗದ ಮೇಲೆ ನೀಲಿ ಸೀರೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅದನ್ನು ನೋಡುತ್ತಲೇ ಅವನ ಕಣ್ಣು ಮುಚ್ಚಿದವು.

ಕನಸಿನಲ್ಲಿ ಒಂದು ಪಂಕ್ತಿ. ಈ ತುದಿಯಿಂದ ಆ ತುದಿ ಕಾಣದಷ್ಟು ಉದ್ದ. ಎಲೆಗಳೆಲ್ಲ ತುಂಬಿವೆ, ಅವನ ಕೈಯಲ್ಲಿರುವ ಪಾತ್ರೆ ಖಾಲಿ. ಊಟ ಹಿಂದುಮುಂದಾಗಿ ನಡೆಯುತ್ತಿದೆ. ಅವನು ಹೋದ ಹಾಗೆ ಮಜ್ಜಿಗೆ ಎಲೆಯಿಂದೆದ್ದು ಸೌಟಿಗೆ ಬರುತ್ತಿದೆ. ಹೋಳಿಗೆ ಎದ್ದು ಬುಟ್ಟಿಗೆ ಬಂದಿತು. ಸಾರು ಹರಿದು ಬಂದಿತು. ಪಲ್ಯ, ಕೋಸಂಬರಿ, ಚಟ್ನಿ ಸದ್ದಿಲ್ಲದೆ ಬಂದವು. ಎಲೆಗಳು ಒಂದೊಂದಾಗಿ ಹಸಿರಾಗುತ್ತಿವೆ, ಕೂತವರು ಒಬ್ಬೊಬ್ಬರಾಗಿ ಎದ್ದು ಗಾಳಿಯಲ್ಲಿ ಕರಗುತ್ತಿದ್ದಾರೆ. ಅವನಿಗೆ ಭಯವಾಗಲಿಲ್ಲ, ಹಾಯೆನಿಸಿತು. ಪಂಕ್ತಿಯ ಎಡತುದಿಯಲ್ಲಿ ಒಬ್ಬಳು ಮಾತ್ರ ಏಳಲಿಲ್ಲ. ನೀಲಿ ಸೀರೆ. ಅವಳ ಹಿಂದೆ ಗೋಡೆ ಇರಲಿಲ್ಲ, ನೀರಿತ್ತು.

“ರೀ, ನನ್ನ ಎಲೆಯಲ್ಲಿ ಒಂದು ಉಳಿದಿದೆ. ತಗೊಳ್ಳಲ್ವಾ?” ಎಂದಳು.

“ಉಪ್ಪು ತಾನೆ? ಬಿಡೇ.”

“ಮೊದಲು ಹಾಕಿದ್ದು ಅದನ್ನೇ ಅಲ್ವಾ? ಅದನ್ನ ಕೊನೆಗೆ ತಗೊಂಡರೇನೇ ನಾನು ಏಳೋದು,” ಎಂದಳು. ಅವಳ ಹಿಂದಿನ ನೀರು ಮೆಲ್ಲಗೆ ಎಲೆಯವರೆಗೆ ಬರುತ್ತಿತ್ತು.

ಅಡುಗೆಯವ ಧಡಕ್ಕನೆ ಎದ್ದ. ಚಪ್ಪಲಿಯನ್ನೂ ಮೆಟ್ಟದೆ ಬೇಲಿ ಹಾರಿದ. ಪಕ್ಕದ ಮನೆಯ ಹಸು ಆ ಎಲೆಯನ್ನು ಹೋಳಿಗೆಯ ಕಡೆಯಿಂದ ತಿನ್ನುತ್ತ ಕೋಸಂಬರಿಯವರೆಗೆ ಬಂದಿತ್ತು. ಅವನು ಎಲೆಯ ತುದಿ ಹಿಡಿದು ಎಳೆದ, ಹಸುವೂ ಎಳೆಯಿತು. ಹಸುವಿನ ಜೊತೆ ಯಾವತ್ತಾದರೂ ಹಗ್ಗಜಗ್ಗಾಟ ಆಡಿದ್ದೀಯಾ? ಅವನು ಆಡಿದ, ಗೆದ್ದ. ಪಿನ್ನು ಗ್ರೀಸಿಗೆ ಅಂಟಿಕೊಂಡು ಎಲೆಯ ತುದಿಯಲ್ಲೇ ಇತ್ತು.

ಓಡಿಬಂದು ಚಕ್ರದ ಮುಚ್ಚಳ ಕಿತ್ತ. ಚಕ್ರವನ್ನೇ ಹಿಡಿದಿಡುವ, ಅವನು ಕೈಯಾರೆ ಬಿಗಿದಿದ್ದ ನಟ್ಟು, ಅಂಗಳದ ಒಂದೇ ಸುತ್ತಿಗೆ ಕಾಲು ಸುತ್ತು ಬಿಚ್ಚಿಕೊಂಡಿತ್ತು. ನಟ್ಟಿನ ಹಲ್ಲುಗಳ ನಡುವೆ, ಬೆಳಿಗ್ಗೆ ಅವನ ಕಣ್ಣಿಗೇ ಬೀಳದ ಒಂದು ತೂತಿತ್ತು. ನಟ್ಟನ್ನು ಮತ್ತೆ ಬಿಗಿದು ಆ ತೂತಿಗೆ ಪಿನ್ನು ತೂರಿಸಿ, ಅದರ ಎರಡು ಕಾಲುಗಳನ್ನು ಆಚೀಚೆ ಮಡಚಿದ. ಇನ್ನು ನಟ್ಟು ಅಲುಗುವ ಹಾಗಿರಲಿಲ್ಲ. ಆ ಚಕ್ರದ ಮೇಲೆಯೇ ನಾಳೆ ಅವಳು ಕೂರುವುದು, ಘಟ್ಟದ ಇಳಿಜಾರಿನಲ್ಲಿ. ಅವನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟ.

ಹೆಂಡತಿ ಸೀರೆ ಮಡಚುತ್ತ ಬಂದಳು. “ಏನ್ರೀ ಅದು, ಹಸುವಿನ ಜೊತೆ ಕುಸ್ತಿ?”

“ಉಪ್ಪು ಮರೆತಿದ್ದೆ ಕಣೇ,” ಎಂದ.

ಗುರುಗಳು ಕತೆ ನಿಲ್ಲಿಸಿದರು. ಶ್ರೀಪಾದ ಹಸುವಿನ ಮಾತಿಗೆ ನಕ್ಕ ನಗು ಇನ್ನೂ ಅವನ ಮುಖದ ಮೇಲಿತ್ತು.

“ಕೊನೆಗೂ ಅವಳು ಸಮುದ್ರ ನೋಡಿದಳೇ, ಗುರುಗಳೇ?” ಎಂದು ಕೇಳಿದ.

“ನೋಡಿದಳು. ಅದಿರಲಿ, ಮನೆ ಬಿಟ್ಟ ದಿನ ನೀನು ಮೊದಲು ಬಿಚ್ಚಿಟ್ಟದ್ದು ಯಾರನ್ನಪ್ಪಾ?”

“ಅಕ್ಕನನ್ನು,” ಎಂದ ಶ್ರೀಪಾದ. ಎದ್ದು, ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.